ಸ್ಟೀಮರ್ ತಂದರೆ ಇಸ್ತ್ರಿ ಪೆಟ್ಟಿಗೆ ಬೇಡವೇ?

ಪ್ರಶ್ನೆ: ನಮ್ಮದು ನಾಲ್ಕು ಜನರ ಮನೆ. ಬೆಳಗ್ಗೆ ಇಸ್ತ್ರಿ ಮಾಡುವುದು ನನ್ನ ಪಾಲಿನ ಕೆಲಸ. ವಾರಕ್ಕೆ ಐದು ಕಾಟನ್ ಶರ್ಟು, ಎರಡು ಮೂರು ಪ್ಯಾಂಟು, ಮಗಳ ನೆರಿಗೆಯ ಸ್ಕರ್ಟು, ಜೊತೆಗೆ ಹೆಂಡತಿಯ ರೇಷ್ಮೆ ಮತ್ತು ಜಾರ್ಜೆಟ್ ಬಟ್ಟೆಗಳು. ಕಳೆದ ತಿಂಗಳು ಅವಳ ಇಷ್ಟದ ಜಾರ್ಜೆಟ್ ಟಾಪಿಗೆ ಇಸ್ತ್ರಿ ಪೆಟ್ಟಿಗೆ ಅಂಟಿಕೊಂಡು ತೂತಾಯಿತು. ಅಂದಿನಿಂದ ರೇಷ್ಮೆ ಮುಟ್ಟಲು ಕೈ ನಡುಗುತ್ತದೆ. ನನ್ನ ಕಪ್ಪು ಪ್ಯಾಂಟಿನ ಮೇಲೆ ಹೊಳಪು ಬಂದುಬಿಟ್ಟಿದೆ. ಮಣಿಕಟ್ಟು ನೋವು ಬೇರೆ. ಎಲ್ಲ ಬಿಟ್ಟು, ತೂಗುಹಾಕಿದ ಬಟ್ಟೆಗೆ ಹಬೆ ಹಿಡಿದು ಸುಕ್ಕು ತೆಗೆಯುವ ಸ್ಟೀಮರ್ ತಗೊಳ್ಳೋಣ ಅಂತ ಅನಿಸಿದೆ. ಯಾವ ಬಟ್ಟೆಗೂ ಹಾನಿಯಿಲ್ಲ, ರೋಗಾಣುಗಳೆಲ್ಲ ಸಾಯುತ್ತವೆ, ಎರಡೇ ನಿಮಿಷದ ಕೆಲಸ ಎಂದು ಜಾಹೀರಾತು ಹೇಳುತ್ತದೆ. ಅಣ್ಣ ಮಾತ್ರ ‘ಸುಮ್ನೆ ದುಡ್ಡು ದಂಡ, ಕಾಟನ್ ಶರ್ಟಿಗೆ ಅದು ಆಗಲ್ಲ’ ಅಂತಾನೆ. ಅಮ್ಮ ‘ಹಬೆ ಹಿಡಿದರೆ ಬಟ್ಟೆ ಜಗ್ಗುತ್ತದೆ’ ಎನ್ನುತ್ತಾರೆ. ಯಾರ ಮಾತು ಸರಿ? ಇಸ್ತ್ರಿ ಪೆಟ್ಟಿಗೆಯನ್ನು ಪೂರ್ತಿ ಬಿಟ್ಟುಬಿಡಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಯಂತ್ರದ ಪ್ರಶ್ನೆಗಿಂತ ಮೊದಲು ನನ್ನ ಮನಸ್ಸಿಗೆ ತಟ್ಟಿದ್ದು ಆ ತೂತಾದ ಟಾಪ್. ಒಮ್ಮೆ ಹಾಗಾದ ಮೇಲೆ ನಯವಾದ ಬಟ್ಟೆ ಕೈಗೆ ಬಂದಾಗಲೆಲ್ಲ ಭಯವಾಗುತ್ತದೆ. ನಾನು ಬಟ್ಟೆ ಒಗೆಯುವ, ಇಸ್ತ್ರಿ ಮಾಡುವ ಕೆಲಸದಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಳೆದಿದ್ದೇನೆ. ಶುರುವಿನ ದಿನಗಳಲ್ಲಿ ನನ್ನ ಕೈಯಲ್ಲೂ ಬಟ್ಟೆ ಸುಟ್ಟಿದೆ. ಹಾಗಾಗಿ ನಿಮ್ಮ ಹೆದರಿಕೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಒಂದೇ ಇರಲಿ ಎಂದಾದರೆ, ನೀವು ಬರೆದ ಬಟ್ಟೆಗಳಿಗೆ ಇಸ್ತ್ರಿ ಪೆಟ್ಟಿಗೆಯೇ ಬೇಕು. ಐದು ಕಾಟನ್ ಶರ್ಟು, ಗೆರೆ ನಿಲ್ಲಬೇಕಾದ ಪ್ಯಾಂಟು, ನೆರಿಗೆಯ ಸ್ಕರ್ಟು, ಇವು ಮೂರೂ ಸ್ಟೀಮರ್‌ಗೆ ಒಗ್ಗದ ಕೆಲಸಗಳು. ಆದರೆ ನಿಮ್ಮ ಹೆದರಿಕೆ ಇರುವ ಬಟ್ಟೆಗಳಲ್ಲಿ ಸ್ಟೀಮರ್ ನಿಜಕ್ಕೂ ಒಳ್ಳೆಯ ಜೊತೆಗಾರ. ಅಣ್ಣ ಹೇಳಿದ್ದರಲ್ಲಿ ಅರ್ಧ ಸರಿ, ಅಮ್ಮ ಹೇಳಿದ್ದು ಕೆಲವು ಬಟ್ಟೆಗಳಲ್ಲಿ ಪೂರ್ತಿ ಸರಿ. ಜಾಹೀರಾತಿನ ಮೂರು ಮಾತುಗಳಲ್ಲಿ ಒಂದೂ ಪೂರ್ತಿ ನಿಜವಲ್ಲ.

ಇದೆಲ್ಲ ಯಾಕೆ ಹೀಗೆ ಎಂದು ತಿಳಿಯಲು ಬಟ್ಟೆಯಲ್ಲಿ ಸುಕ್ಕು ಹೇಗೆ ಕೂರುತ್ತದೆ ಎಂದು ನೋಡಬೇಕು. ಹತ್ತಿಯ ಎಳೆ ಎಂದರೆ ಸೆಲ್ಯುಲೋಸ್ ಎಂಬ ವಸ್ತುವಿನ ಉದ್ದುದ್ದ ಸರಪಳಿಗಳ ಕಟ್ಟು. ಪಕ್ಕಪಕ್ಕದ ಸರಪಳಿಗಳು ಒಂದನ್ನೊಂದು ಕೈ ಹಿಡಿದುಕೊಂಡಿರುತ್ತವೆ. ಈ ಹಿಡಿತಕ್ಕೆ ಹೈಡ್ರೋಜನ್ ಬಂಧ ಎನ್ನುತ್ತಾರೆ. ನೀರು ಒಳಗೆ ಹೋದರೆ ಈ ಕೈಗಳು ಬಿಟ್ಟುಕೊಳ್ಳುತ್ತವೆ, ಎಳೆ ಮೆತ್ತಗಾಗುತ್ತದೆ. ನೀರು ಆರಿಹೋದಾಗ ಸರಪಳಿಗಳು ಆಗ ಎಲ್ಲಿವೆಯೋ ಅಲ್ಲೇ ಮತ್ತೆ ಕೈ ಹಿಡಿಯುತ್ತವೆ. ಒಗೆದ ಶರ್ಟನ್ನು ಬಕೆಟ್ಟಿನಲ್ಲಿ ಮುದ್ದೆಯಾಗಿ ಬಿಟ್ಟರೆ, ಮುದ್ದೆಯಾದ ರೂಪದಲ್ಲೇ ಹಿಡಿತ ಗಟ್ಟಿಯಾಗುತ್ತದೆ. ಮೈಮೇಲೆ ಬೆವರಿನ ತೇವ, ಮೈಯ ಬಿಸಿ, ಕೂತಾಗಿನ ಒತ್ತಡ ಮೂರೂ ಸೇರಿ ಶರ್ಟಿನ ಬೆನ್ನಿನಲ್ಲಿ ಸುಕ್ಕು ಬೀಳುವುದೂ ಇದೇ ಕಾರಣಕ್ಕೆ.

ಇಸ್ತ್ರಿ ಮಾಡುವುದೆಂದರೆ ಇದೇ ಕೆಲಸವನ್ನು ನಮಗೆ ಬೇಕಾದ ಹಾಗೆ ಮಾಡಿಸುವುದು. ಅದಕ್ಕೆ ನಾಲ್ಕು ಸಂಗತಿ ಬೇಕು. ತೇವ ಹಿಡಿತ ಬಿಡಿಸುತ್ತದೆ. ಬಿಸಿ ಅದನ್ನು ಬೇಗ ಮಾಡಿಸುತ್ತದೆ. ಒತ್ತಡ ಎಳೆಗಳನ್ನು ನೇರ ಕೂರಿಸುತ್ತದೆ. ಆಮೇಲೆ ಒಣಗಿ ತಣಿಯಬೇಕು, ಆಗ ಕೂತದ್ದು ಕೂತಲ್ಲೇ ಉಳಿಯುತ್ತದೆ. ನಾಲ್ಕನೆಯದನ್ನು ನಾವೆಲ್ಲ ಮರೆಯುತ್ತೇವೆ. ಬಿಸಿ ಬಿಸಿ ಶರ್ಟು ಹಾಕಿಕೊಂಡು ಗಾಡಿ ಹತ್ತಿದರೆ ಮೊದಲ ಹತ್ತು ನಿಮಿಷದಲ್ಲೇ ಮೊಣಕೈ, ಬೆನ್ನು ಸುಕ್ಕಾಗುತ್ತವೆ. ಹ್ಯಾಂಗರಿಗೆ ಹಾಕಿ ಐದು ಹತ್ತು ನಿಮಿಷ ಬಿಡಿ. ಅಷ್ಟರಲ್ಲಿ ಹಲ್ಲುಜ್ಜಿ ಬರಬಹುದು, ಅಲ್ವಾ?

ಈಗ ಸ್ಟೀಮರ್ ನೋಡಿ. ಅದು ತೇವ ಕೊಡುತ್ತದೆ, ಬಿಸಿ ಕೊಡುತ್ತದೆ. ಒತ್ತಡ ಕೊಡುವುದಿಲ್ಲ. ತೂಗುಹಾಕಿದ ಬಟ್ಟೆಯ ಸ್ವಂತ ಭಾರ ಮತ್ತು ನಿಮ್ಮ ಇನ್ನೊಂದು ಕೈಯ ಎಳೆತ, ಒತ್ತಡ ಎಂದರೆ ಅಲ್ಲಿ ಅಷ್ಟೇ. ತೆಳು ಬಟ್ಟೆಗೆ, ಉಣ್ಣೆಗೆ ಅಷ್ಟು ಸಾಕು. ಎರಡು ಮೂರು ಪದರ ಇರುವ ಕಾಲರ್, ಕಫ್, ಗುಂಡಿ ಪಟ್ಟಿಗೆ ಸಾಲದು. ಸ್ಟೀಮರ್ ಹಿಡಿದ ಕಾಟನ್ ಶರ್ಟನ್ನು ದೂರದಿಂದ ನೋಡಿದರೆ ಪರವಾಗಿಲ್ಲ ಅನಿಸುತ್ತದೆ. ಹತ್ತಿರ ಬಂದರೆ ಗುಂಡಿ ಪಟ್ಟಿ ಅಲೆಅಲೆಯಾಗಿರುತ್ತದೆ, ಕಾಲರಿನ ತುದಿ ಮೇಲೆದ್ದಿರುತ್ತದೆ. ನಿಮ್ಮ ಅಣ್ಣ ಹೇಳಿದ್ದು ಇದನ್ನೇ ಇರಬೇಕು.

ಪ್ಯಾಂಟಿನ ಗೆರೆಯ ಮಾತೂ ಹೀಗೇ. ಹಬೆಗೆ ಗೆರೆ ಯಾವುದು, ಸುಕ್ಕು ಯಾವುದು ಎಂದು ಗೊತ್ತಾಗುವುದಿಲ್ಲ. ಎರಡೂ ಅದಕ್ಕೆ ಮಡಿಕೆಯೇ. ಕಾಟನ್ ಪ್ಯಾಂಟಿನ ಮುಂದೆ ಸ್ಟೀಮರ್ ಹಿಡಿದರೆ ಬೇಡದ ಸುಕ್ಕಿನ ಜೊತೆ ಬೇಕಾದ ಗೆರೆಯೂ ಸಡಿಲವಾಗುತ್ತದೆ. ಮಗಳ ಸ್ಕರ್ಟಿನಲ್ಲಿ ಸ್ವಲ್ಪ ವ್ಯತ್ಯಾಸವಿದೆ. ಅದು ಪಾಲಿಯೆಸ್ಟರ್ ಆಗಿದ್ದರೆ ನೆರಿಗೆಯನ್ನು ಕಾರ್ಖಾನೆಯಲ್ಲೇ ಹೆಚ್ಚಿನ ಬಿಸಿಯಲ್ಲಿ ಕೂರಿಸಿರುತ್ತಾರೆ. ಮನೆಯ ಹಬೆಗೆ ಅದು ಸುಲಭವಾಗಿ ಬಿಚ್ಚುವುದಿಲ್ಲ. ಕಾಟನ್ ಅಥವಾ ಉಣ್ಣೆ ಜಾಸ್ತಿ ಇದ್ದರೆ ಬಿಚ್ಚುತ್ತದೆ. ಅಂಥ ಸ್ಕರ್ಟಿಗೆ ನೆರಿಗೆಗಳನ್ನು ಒಂದೊಂದಾಗಿ ಜೋಡಿಸಿ, ಕೆಳಗಡೆ ಪಿನ್ ಚುಚ್ಚಿ, ಪಿನ್ನಿನ ಮೇಲೆ ಹೋಗದ ಹಾಗೆ ಇಸ್ತ್ರಿ ಒತ್ತಿ, ತಣಿದ ಮೇಲೆ ಎತ್ತಬೇಕು.

ಇಲ್ಲೊಂದು ಸಣ್ಣ ವಿಷಯ. ಇಸ್ತ್ರಿ ಬೇಡದ ಶರ್ಟು ಎಂದು ಮಾರುತ್ತಾರಲ್ಲ, ಅದರ ಗುಟ್ಟೂ ಇದೇ ಸರಪಳಿಗಳಲ್ಲಿದೆ. ನೀರಿಗೆ ಬಿಟ್ಟುಕೊಳ್ಳುವ ಹಿಡಿತದ ಜೊತೆಗೆ, ನೀರಿಗೆ ಬಿಡದ ಗಟ್ಟಿ ಕೊಂಡಿಗಳನ್ನು ರಾಸಾಯನಿಕದಿಂದ ಸರಪಳಿಗಳ ನಡುವೆ ಹಾಕಿರುತ್ತಾರೆ. 1950ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯ ನ್ಯೂ ಆರ್ಲಿಯನ್ಸ್ ಪ್ರಯೋಗಾಲಯದಲ್ಲಿ ರೂತ್ ಬೆನೆರಿಟೊ ಎಂಬ ರಸಾಯನ ವಿಜ್ಞಾನಿ ಈ ದಾರಿಯಲ್ಲಿ ದೊಡ್ಡ ಕೆಲಸ ಮಾಡಿದರು. ನಿಮ್ಮ ಶರ್ಟುಗಳಲ್ಲಿ ಇಂಥವು ಒಂದೆರಡು ಇದ್ದರೆ ಅವುಗಳಿಗೆ ಸ್ಟೀಮರ್ ಧಾರಾಳವಾಗಿ ಸಾಕು. ಮುಂದೆ ಶರ್ಟು ಕೊಳ್ಳುವಾಗ ಇದನ್ನೂ ನೆನಪಿಡಿ. ಕೆಲವೊಮ್ಮೆ ಯಂತ್ರ ಬದಲಿಸುವುದಕ್ಕಿಂತ ಶರ್ಟು ಬದಲಿಸುವುದೇ ಸುಲಭ.

ಇನ್ನು ಆ ಜಾರ್ಜೆಟ್ ಟಾಪಿನ ಕಥೆ. ಈಗ ಸಿಗುವ ಜಾರ್ಜೆಟ್ ಬಹುಪಾಲು ಪಾಲಿಯೆಸ್ಟರ್. ಪಾಲಿಯೆಸ್ಟರ್ ಸುಮಾರು 70ರಿಂದ 80 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲೇ ಸಡಿಲವಾಗಲು ಶುರುವಾಗುತ್ತದೆ, 250 ಡಿಗ್ರಿ ದಾಟಿದ ಮೇಲೆ ಕರಗುತ್ತದೆ. ಕರಗುವುದಕ್ಕೆ ಮುಂಚೆಯೇ ಅಂಟಂಟಾಗುತ್ತದೆ. ನೈಲಾನಿನಲ್ಲಿ ಒಂದು ಬಗೆ ಇನ್ನೂ ಬೇಗ, ಸುಮಾರು 220 ಡಿಗ್ರಿಯಲ್ಲೇ ಕರಗುತ್ತದೆ. ಇಸ್ತ್ರಿ ಪೆಟ್ಟಿಗೆಯ ಕಾಟನ್ ಗುರುತು 200 ಡಿಗ್ರಿಯ ಆಸುಪಾಸಿನದು. ಅದೂ ಒಂದೇ ಬಿಸಿಯಲ್ಲಿ ನಿಲ್ಲುವುದಿಲ್ಲ. ಒಳಗಿನ ಥರ್ಮೋಸ್ಟಾಟ್ ಕರೆಂಟನ್ನು ಹಾಕಿ ತೆಗೆದು ಮಾಡುತ್ತಿರುತ್ತದೆ, ಬಿಸಿ ಮೇಲೆ ಕೆಳಗೆ ಆಡುತ್ತದೆ. ನನ್ನ ಊಹೆ ಏನೆಂದರೆ, ನೀವು ಮೊದಲು ಶರ್ಟು ಮುಗಿಸಿ, ಗುಂಡಿಯನ್ನು ಸಿಂಥೆಟಿಕ್ ಕಡೆ ತಿರುಗಿಸಿ, ಅರ್ಧ ನಿಮಿಷ ಕಾದು ಟಾಪಿನ ಮೇಲೆ ಇಟ್ಟಿರಬೇಕು. ನನ್ನ ಹತ್ತಿರ ಬರುವ ಇಂಥ ಬಟ್ಟೆಗಳಲ್ಲಿ ಜಾಸ್ತಿ ಪಾಲು ಹೀಗೇ ಸುಟ್ಟವು. ಇಸ್ತ್ರಿ ಪೆಟ್ಟಿಗೆ ಬೇಗ ಕಾಯುತ್ತದೆ, ನಿಧಾನ ತಣಿಯುತ್ತದೆ. ಕೆಳಗಿನ ಲೋಹದ ತಟ್ಟೆ ಇಳಿಯಲು ಹಲವು ನಿಮಿಷ ಬೇಕು. ಆದ್ದರಿಂದ ನಾಳೆಯಿಂದಲೇ ಸರದಿ ಬದಲಿಸಿ. ಮೊದಲು ಸಿಂಥೆಟಿಕ್, ಆಮೇಲೆ ರೇಷ್ಮೆ ಮತ್ತು ಉಣ್ಣೆ, ಕೊನೆಗೆ ಕಾಟನ್ ಮತ್ತು ಲಿನನ್. ಇದಕ್ಕೆ ಹೊಸ ಯಂತ್ರವೇ ಬೇಡ.

ಬಟ್ಟೆಯ ಒಳಗಿನ ಚೀಟಿಯನ್ನೂ ನೋಡಿ. ಇಸ್ತ್ರಿ ಪೆಟ್ಟಿಗೆಯ ಚಿತ್ರದೊಳಗೆ ಚುಕ್ಕೆಗಳಿರುತ್ತವೆ. ಒಂದು ಚುಕ್ಕೆ ಎಂದರೆ ಸುಮಾರು 110 ಡಿಗ್ರಿ, ಎರಡು ಎಂದರೆ 150, ಮೂರು ಎಂದರೆ 200. ಚಿತ್ರದ ಕೆಳಗೆ ಹಬೆಯಂತೆ ಗೆರೆ ಎಳೆದು ಅದರ ಮೇಲೆ ಕಾಟು ಹಾಕಿದ್ದರೆ ಹಬೆ ಬೇಡ ಎಂದರ್ಥ. ಸ್ಟೀಮರ್ ಕೊಳ್ಳುವವರಿಗೆ ಈ ಕೊನೆಯ ಗುರುತೇ ಮುಖ್ಯ. ತುಂಬಾ ಜನ ಅದನ್ನು ಗಮನಿಸುವುದೇ ಇಲ್ಲ.

ಯಾಕೆಂದರೆ ‘ಯಾವ ಬಟ್ಟೆಗೂ ಹಾನಿಯಿಲ್ಲ’ ಎಂಬ ಮಾತು ಇಲ್ಲೇ ಸೋಲುತ್ತದೆ. ಹಬೆಯಿಂದ ಬಟ್ಟೆ ಸೀಯುವುದಿಲ್ಲ, ಅದು ನಿಜ. ನಳಿಕೆಯಿಂದ ಹೊರಬಂದ ಹಬೆ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಬಟ್ಟೆ ಕಂದಾಗುವಷ್ಟು ಬಿಸಿ ಅಲ್ಲಿಲ್ಲ. ಆದರೆ ನಳಿಕೆಯ ಬಾಯಿಗೆ ಕಾಯುವ ಲೋಹದ ತಟ್ಟೆ ಇರುವ ಮಾದರಿಗಳೂ ಇವೆ. ಆ ತಟ್ಟೆ ಮುಟ್ಟಿದರೆ ಇಸ್ತ್ರಿ ಮುಟ್ಟಿದಂತೆಯೇ.

ಸೀಯದೆಯೂ ಬಟ್ಟೆ ಕೆಡಬಹುದು. ಅಕ್ರಿಲಿಕ್ ಸ್ವೆಟರ್ ಇದಕ್ಕೆ ಮೊದಲ ಉದಾಹರಣೆ. ಬಿಸಿ ಮತ್ತು ತೇವ ಒಟ್ಟಿಗೆ ತಗುಲಿದರೆ ಅಕ್ರಿಲಿಕ್ ನೂಲು ಪೂರ್ತಿ ಸೋತುಹೋಗುತ್ತದೆ. ಹ್ಯಾಂಗರಿನಲ್ಲಿ ತೂಗಿದ್ದರೆ ಕಣ್ಣೆದುರೇ ಉದ್ದವಾಗುತ್ತದೆ. ಹಾಗೆ ಜಗ್ಗಿದ್ದು ವಾಪಸ್ ಬರುವುದಿಲ್ಲ. ಒಬ್ಬರು ಕೈಯಾರೆ ಹೆಣೆದ ಸ್ವೆಟರನ್ನು ನನ್ನ ಹತ್ತಿರ ತಂದಿದ್ದರು, ತೋಳು ಒಂದು ಗೇಣು ಉದ್ದವಾಗಿತ್ತು. ನನ್ನಿಂದ ಏನೂ ಮಾಡಲಾಗಲಿಲ್ಲ. ತುಂಬಾ ಬೇಜಾರಾಯಿತು. ನಿಮ್ಮ ಅಮ್ಮ ಬಹುಶಃ ಇಂಥದ್ದನ್ನೇ ಕಂಡಿರಬೇಕು. ಹೆಣೆದ ಬಟ್ಟೆ ಯಾವುದೇ ಇರಲಿ, ಹಬೆ ಕೊಡುವುದಾದರೆ ಮಂಚದ ಮೇಲೆ ಹರಡಿ, ದೂರದಿಂದ ಕೊಡಿ. ತೂಗುಹಾಕಿ ಕೊಡಬೇಡಿ. ಅಕ್ರಿಲಿಕ್ ಆದರೆ ಬಿಟ್ಟುಬಿಡುವುದೇ ಒಳ್ಳೆಯದು.

ಚರ್ಮ, ಸ್ವೀಡ್, ಮೇಣ ಹಚ್ಚಿದ ಬಟ್ಟೆ, ಅಂಟಿನಿಂದ ಕೂರಿಸಿದ ಚಮಕಿ, ಇವಕ್ಕೂ ಹಬೆ ಬೇಡ. ಚಮಕಿ ಪ್ಲಾಸ್ಟಿಕ್ ಆಗಿದ್ದರೆ ಹಬೆಗೇ ಮುದುರುತ್ತದೆ.

ರೇಷ್ಮೆಗೆ ಬರೋಣ, ನಿಮಗೆ ಕೈ ನಡುಗುವುದು ಅಲ್ಲಿ ತಾನೇ. ರೇಷ್ಮೆಗೆ ಹಬೆಯಿಂದ ತೊಂದರೆ ಕಡಿಮೆ, ನೀರಿನ ಹನಿಯಿಂದ ಜಾಸ್ತಿ. ಸ್ಟೀಮರ್ ಶುರುವಾದಾಗ, ಇಲ್ಲವೇ ಜಾಸ್ತಿ ವಾಲಿಸಿದಾಗ, ಹಬೆಯ ಜೊತೆ ಬಿಸಿನೀರು ಉಗುಳುತ್ತದೆ. ಆ ಹನಿ ರೇಷ್ಮೆಯ ಮೇಲೆ ಬಿದ್ದು ಆರಿದರೆ ಸುತ್ತ ಒಂದು ಗೆರೆ ನಿಲ್ಲುತ್ತದೆ. ಎಳೆಯಲ್ಲಿರುವ ಗಂಜಿ, ಅಂಟು, ಬಣ್ಣದ ಸಣ್ಣ ಅಂಶಗಳನ್ನು ನೀರು ತಳ್ಳಿಕೊಂಡು ಹೋಗಿ ಅಂಚಿನಲ್ಲಿ ಬಿಡುತ್ತದೆ. ಸ್ಯಾಟಿನ್ ನೇಯ್ಗೆಯಲ್ಲಿ ಇದು ಎದ್ದು ಕಾಣುತ್ತದೆ. ಆದ್ದರಿಂದ ಮೊದಲ ಅರ್ಧ ನಿಮಿಷದ ಹಬೆಯನ್ನು ಬಕೆಟ್ಟಿನ ಕಡೆಗೋ ಹಳೆ ಟವೆಲ್ ಮೇಲೋ ಬಿಡಿ. ಬಟ್ಟೆಯನ್ನು ಒಳಮೈ ಹೊರಗೆ ಮಾಡಿ. ನಳಿಕೆಯನ್ನು ಮೂರು ನಾಲ್ಕು ಬೆರಳು ದೂರದಲ್ಲಿ ಹಿಡಿದು ಮೇಲಿನಿಂದ ಕೆಳಗೆ ನಿಧಾನ ತನ್ನಿ. ಇಸ್ತ್ರಿಯಲ್ಲಿ ಮಾಡುವುದಾದರೂ ಇಷ್ಟೇ ಸರಳ. ಒಳಮೈ, ಎರಡು ಚುಕ್ಕೆಗಿಂತ ಕಡಿಮೆ ಬಿಸಿ, ಮೇಲೆ ಒಂದು ತೆಳು ಬಿಳಿ ಕಾಟನ್ ಬಟ್ಟೆ. ರೇಷ್ಮೆ ಒಂದೇ ಸಮ ಸ್ವಲ್ಪ ತೇವ ಇರುವಾಗಲೇ ಮಾಡಿದರೆ ಚೆನ್ನ. ಪೂರ್ತಿ ಒಣಗಿದ ಮೇಲೆ ಕೈಯಿಂದ ನೀರು ಚಿಮುಕಿಸಬೇಡಿ, ಹನಿ ಗುರುತು ಬರುವುದು ಆಗಲೇ.

ಸ್ಟೀಮರ್‌ಗೆ ಸಾಟಿಯಿಲ್ಲದ ಜಾಗಗಳೂ ಇವೆ, ಅವನ್ನು ಹೇಳದೆ ಹೋದರೆ ಅನ್ಯಾಯ. ವೆಲ್ವೆಟ್ ಮೇಲೆ ಇಸ್ತ್ರಿ ಒತ್ತಿದರೆ ಅದರ ರೋಮ ಮಲಗಿಬಿಡುತ್ತದೆ, ಹಬೆಗೆ ಮತ್ತೆ ಏಳುತ್ತದೆ. ಉಣ್ಣೆಯ ಕೋಟಂತೂ ಹಬೆಗೆ ಹೇಳಿ ಮಾಡಿಸಿದ್ದು. ಉಣ್ಣೆ ತೇವ ಹೀರಿಕೊಂಡು ಸುಕ್ಕನ್ನು ತಾನೇ ಬಿಟ್ಟುಕೊಡುತ್ತದೆ. ಹಬೆ ಕೊಟ್ಟು ಒಂದು ರಾತ್ರಿ ದಪ್ಪ ಹ್ಯಾಂಗರಿನಲ್ಲಿ ಬಿಟ್ಟರೆ ಬೆಳಗ್ಗೆ ಹೊಸದರಂತೆ ಇರುತ್ತದೆ. ಒದ್ದೆ ಇರುವಾಗ ಉಜ್ಜಬೇಡಿ, ಅಷ್ಟೇ. ಉಣ್ಣೆಯ ಎಳೆಯ ಮೇಲೆ ಹೆಂಚಿನಂತೆ ಪದರಗಳಿವೆ. ಬಿಸಿ, ತೇವ, ಉಜ್ಜಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಗಂಟುಕಟ್ಟಿ ಕುಗ್ಗುತ್ತದೆ. ಹೆಂಡತಿಯ ತೆಳು ಜಾರ್ಜೆಟ್, ಶಿಫಾನ್, ಕಸೂತಿ ಇರುವ ಬಟ್ಟೆ, ಬಾಗಿಲ ಪರದೆ, ಸೂಟ್‌ಕೇಸಿನಲ್ಲಿ ಮಡಿಕೆ ಬಿದ್ದ ಬಟ್ಟೆ, ಇವೆಲ್ಲ ಸ್ಟೀಮರ್‌ನ ಕೆಲಸಗಳೇ.

ನಿಮ್ಮ ಕಪ್ಪು ಪ್ಯಾಂಟಿನ ಹೊಳಪು ಬರಲು ಕಾರಣ ಕೊಳೆಯಲ್ಲ. ಬಟ್ಟೆಯ ಮೇಲ್ಮೈಯಲ್ಲಿ ಸಣ್ಣ ಎಳೆಗಳು ಎಲ್ಲ ದಿಕ್ಕಿಗೂ ನಿಂತಿರುತ್ತವೆ, ಬೆಳಕು ಚದುರುತ್ತದೆ. ಬಿಸಿ ತಟ್ಟೆ ನೇರ ಒತ್ತಿದಾಗ ಅವೆಲ್ಲ ಒಂದೇ ಕಡೆ ಮಲಗಿ ಚಪ್ಪಟೆಯಾಗುತ್ತವೆ. ಆಗ ಬೆಳಕು ಕನ್ನಡಿಯಲ್ಲಿ ಬಿದ್ದಂತೆ ಹಿಂದಿರುಗುತ್ತದೆ. ಗಾಢ ಬಣ್ಣದಲ್ಲಿ ಅದು ಬೇಗ ಕಾಣುತ್ತದೆ. ಪ್ಯಾಂಟಿನಲ್ಲಿ ಉಣ್ಣೆ ಇದ್ದರೆ ಹಬೆ ಹಿಡಿದು ಮೆತ್ತನೆ ಬ್ರಷ್‌ನಿಂದ ಎಬ್ಬಿಸಿದರೆ ಸುಮಾರಾಗಿ ಸರಿಹೋಗುತ್ತದೆ. ಪಾಲಿಯೆಸ್ಟರ್ ಎಳೆ ಬಿಸಿಗೆ ಕರಗಿ ಚಪ್ಪಟೆಯಾಗಿದ್ದರೆ ಹೋಗುವುದಿಲ್ಲ, ಅದಕ್ಕೆ ಮದ್ದಿಲ್ಲ. ಮುಂದೆ ಗಾಢ ಬಣ್ಣದ ಪ್ಯಾಂಟನ್ನು ಒಳಮೈಯಿಂದ ಮಾಡಿ, ಇಲ್ಲವೇ ಮೇಲೊಂದು ತೇವದ ಕಾಟನ್ ಬಟ್ಟೆ ಹಾಸಿ. ಗೆರೆ ಕೂರಿಸುವಾಗ ಇಸ್ತ್ರಿಯನ್ನು ಎಳೆದಾಡಬೇಡಿ. ಇಟ್ಟು, ಒತ್ತಿ, ಎತ್ತಿ, ಮುಂದಕ್ಕೆ ಇಡಿ. ದರ್ಜಿಗಳು ಒತ್ತಿದ ಕೂಡಲೇ ಆ ಜಾಗದ ಮೇಲೆ ಮರದ ಹಲಗೆಯೊಂದನ್ನು ಇಟ್ಟು ಅದುಮುತ್ತಾರೆ. ಮರ ಹಬೆಯನ್ನು ಹೀರಿ, ಬಟ್ಟೆಯನ್ನು ಒತ್ತಡದಲ್ಲೇ ತಣಿಸುತ್ತದೆ. ಹೊಳಪಿಲ್ಲದೆ ಹರಿತವಾದ ಗೆರೆ ಬರುವುದು ಹಾಗೆ. ಬಣ್ಣ ಬಳಿಯದ ನಯವಾದ ಹಲಗೆ ಮನೆಯಲ್ಲಿದ್ದರೆ ನೀವೂ ಮಾಡಿ ನೋಡಿ, ಒಂದು ಸಲ ಆ ಗೆರೆ ಕಂಡರೆ ಖುಷಿಯಾಗುತ್ತದೆ.

ಮಣಿಕಟ್ಟಿನ ನೋವಿಗೆ ಸ್ಟೀಮರ್ ಪರಿಹಾರ ಎಂದು ನೀವು ಅಂದುಕೊಂಡಿದ್ದೀರಿ. ಇಲ್ಲಿ ಸ್ವಲ್ಪ ನಿಲ್ಲಿ. ಕೈಯಲ್ಲಿ ಹಿಡಿಯುವ ಸ್ಟೀಮರ್ ನೀರು ತುಂಬಿದ ಮೇಲೆ ಒಂದು ಕಿಲೋ ಹತ್ತಿರ, ಕೆಲವು ಅದಕ್ಕೂ ಜಾಸ್ತಿ ತೂಗುತ್ತವೆ. ಅದನ್ನು ಇಡೀ ಹೊತ್ತು ಗಾಳಿಯಲ್ಲಿ ಎತ್ತಿ ಹಿಡಿಯಬೇಕು. ಇಸ್ತ್ರಿ ಪೆಟ್ಟಿಗೆ ಅದಕ್ಕಿಂತ ಭಾರ ಇರಬಹುದು, ಆದರೆ ಅದರ ಭಾರವನ್ನು ಹೊರುವುದು ಹಲಗೆ. ನೋವಿರುವವರು ಕೈ ಸ್ಟೀಮರ್ ತಂದು ಎರಡೇ ವಾರಕ್ಕೆ ಭುಜವನ್ನೂ ನೋಯಿಸಿಕೊಂಡದ್ದನ್ನು ನೋಡಿದ್ದೇನೆ. ನೆಲದ ಮೇಲೆ ನಿಲ್ಲುವ ಮಾದರಿ ಬೇರೆ. ಅದರಲ್ಲಿ ನೀರು ಕೆಳಗಿರುತ್ತದೆ, ಕೈಯಲ್ಲಿ ಹಗುರವಾದ ನಳಿಕೆ ಮಾತ್ರ.

ಇನ್ನೊಂದು ತಪ್ಪು ನಂಬಿಕೆಯೂ ಮಣಿಕಟ್ಟನ್ನು ನೋಯಿಸುತ್ತದೆ. ಜೋರಾಗಿ ಅದುಮಿದರೆ ಸುಕ್ಕು ಹೋಗುತ್ತದೆ ಎಂಬುದು. ಇದು ಕೆಂಡದ ಇಸ್ತ್ರಿ ಪೆಟ್ಟಿಗೆಯ ಕಾಲದಿಂದ ಬಂದ ಮಾತು. 1882ರಲ್ಲಿ ನ್ಯೂಯಾರ್ಕಿನ ಹೆನ್ರಿ ಸೀಲಿ ಕರೆಂಟಿನ ಇಸ್ತ್ರಿ ಪೆಟ್ಟಿಗೆಗೆ ಪೇಟೆಂಟ್ ಪಡೆದರು, 1926ರಲ್ಲಿ ಹಬೆ ಬರುವ ಇಸ್ತ್ರಿ ಅಲ್ಲಿನ ಮಾರುಕಟ್ಟೆಗೆ ಬಂತು. ಅದಕ್ಕೆ ಮುಂಚೆ ಪೆಟ್ಟಿಗೆಯೊಳಗಿಂದ ತೇವ ಬರುತ್ತಿರಲಿಲ್ಲ. ಕೊರತೆಯನ್ನು ಭಾರದಿಂದ ತುಂಬಬೇಕಿತ್ತು. ಈಗ ತೇವ ಸರಿಯಾಗಿದ್ದರೆ ಅದುಮುವುದೇ ಬೇಡ, ಪೆಟ್ಟಿಗೆಯ ಸ್ವಂತ ಭಾರ ಸಾಕು. ಶರ್ಟನ್ನು ಒಗೆದ ಕೂಡಲೇ ಜಾಡಿಸಿ, ಹ್ಯಾಂಗರಿಗೆ ಹಾಕಿ, ಕಾಲರ್ ಮತ್ತು ಗುಂಡಿ ಪಟ್ಟಿ ಎಳೆದು ಒಣಹಾಕಿ. ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಮಾಡಿ. ಒಣಗಿಹೋಗಿದ್ದರೆ ಹಿಂದಿನ ರಾತ್ರಿಯೇ ನೀರು ಸ್ಪ್ರೇ ಮಾಡಿ, ಸುತ್ತಿ ಅರ್ಧ ಗಂಟೆ ಇಟ್ಟು ಮಾಡಿ ಮುಗಿಸಿ. ಯಾವ ಯಂತ್ರ ಕೊಂಡರೂ ಸಿಗದಷ್ಟು ಸಮಯ ಇದರಲ್ಲಿ ಉಳಿಯುತ್ತದೆ. ಹಲಗೆ ನಿಮ್ಮ ಸೊಂಟದ ಮಟ್ಟಕ್ಕಿದೆಯೇ ಎಂದೂ ನೋಡಿ. ಇಷ್ಟಾದ ಮೇಲೂ ನೋವು ಉಳಿದರೆ ವೈದ್ಯರಿಗೆ ತೋರಿಸಿ, ಸುಮ್ನೆ ಸಹಿಸಬೇಡಿ.

ಎರಡು ನಿಮಿಷದ ಮಾತು ಅಂಗಡಿಯಲ್ಲಿ ತೋರಿಸುವ ತೆಳು ಬಟ್ಟೆಗೆ ನಿಜ. ನಾನು ಮಾಡಿ ನೋಡಿದಂತೆ, ಮುದುರಿ ಒಣಗಿದ ಕಾಟನ್ ಶರ್ಟಿಗೆ ಕೈ ಸ್ಟೀಮರ್ ಎಂಟು ಹತ್ತು ನಿಮಿಷ ಹಿಡಿಯುತ್ತದೆ, ಆಮೇಲೂ ಕಾಲರ್ ಬಾಕಿ ಇರುತ್ತದೆ. ಅದೇ ಶರ್ಟು ಹಸಿಯಾಗಿದ್ದರೆ ಇಸ್ತ್ರಿಯಲ್ಲಿ ಐದು ನಿಮಿಷ ಸಾಕು.

ಯಂತ್ರ ಬರುವ ರಟ್ಟಿನ ಡಬ್ಬಿಯ ಮೇಲೆ ನಿಮಿಷಕ್ಕೆ ಇಷ್ಟು ಗ್ರಾಂ ಹಬೆ ಎಂದು ಬರೆದಿರುತ್ತಾರೆ. ಅದನ್ನು ನೀವೇ ಲೆಕ್ಕ ಹಾಕಿ ನೋಡಬಹುದು. ಒಂದು ಗ್ರಾಂ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಸುಮಾರು 80 ಕ್ಯಾಲೊರಿ ಬೇಕು, ಕುದಿಯುವ ನೀರನ್ನು ಹಬೆ ಮಾಡಲು ಇನ್ನೂ 540 ಕ್ಯಾಲೊರಿ ಬೇಕು. ಈ ಲೆಕ್ಕದಲ್ಲಿ 1000 ವ್ಯಾಟ್ ಯಂತ್ರ ಎಷ್ಟೇ ಚೆನ್ನಾಗಿದ್ದರೂ ನಿಮಿಷಕ್ಕೆ 23 ಗ್ರಾಂಗಿಂತ ಜಾಸ್ತಿ ಹಬೆಯನ್ನು ಒಂದೇ ಸಮ ಕೊಡಲಾರದು. 1500 ವ್ಯಾಟ್ ಆದರೆ ಸುಮಾರು 35, 2000 ಆದರೆ 46. ಸಣ್ಣ 1000 ವ್ಯಾಟ್ ಸ್ಟೀಮರ್ ಮೇಲೆ 40 ಗ್ರಾಂ ಎಂದು ಬರೆದಿದ್ದರೆ ನಂಬಬೇಡಿ. ಇಸ್ತ್ರಿ ಪೆಟ್ಟಿಗೆಯಲ್ಲಿ ಗುಂಡಿ ಒತ್ತಿದಾಗ ಒಮ್ಮೆಲೇ ಬರುವ ಜೋರು ಹಬೆ ಮಾತ್ರ ಬೇರೆ ಲೆಕ್ಕ. ಅದು ಲೋಹದ ತಟ್ಟೆಯಲ್ಲಿ ಮೊದಲೇ ತುಂಬಿಟ್ಟ ಬಿಸಿಯಿಂದ ಬರುತ್ತದೆ, ಕೆಲವೇ ಕ್ಷಣ ಇರುತ್ತದೆ.

ಇದೇ 540 ಕ್ಯಾಲೊರಿಯೇ ಹಬೆಯ ಸುಟ್ಟ ಗಾಯ ಅಷ್ಟು ಕೆಟ್ಟದಾಗಿರಲು ಕಾರಣ. ಹಬೆ ಚರ್ಮ ತಾಗಿ ನೀರಾದಾಗ ಅಷ್ಟೂ ಬಿಸಿಯನ್ನು ಅಲ್ಲೇ ಬಿಡುತ್ತದೆ. ಕುದಿಯುವ ನೀರಿನ ಹನಿ ಮೈಬಿಸಿಗೆ ತಣಿಯುವಾಗ ಬಿಡುವುದು ಗ್ರಾಂಗೆ ಸುಮಾರು 63 ಕ್ಯಾಲೊರಿ ಮಾತ್ರ. ನಳಿಕೆಯ ಬಾಯಿಯ ಹತ್ತಿರ ಹಬೆ ಕಾಣುವುದೇ ಇಲ್ಲ. ನಮಗೆ ಬೆಳ್ಳಗೆ ಕಾಣುವುದು ಆಗಲೇ ಹನಿಯಾದದ್ದು. ಆದ್ದರಿಂದ ದಯವಿಟ್ಟು ಮೈಮೇಲಿರುವ ಬಟ್ಟೆಗೆ ಸ್ಟೀಮರ್ ಹಿಡಿಯಬೇಡಿ. ಹೊರಡುವ ಆತುರದಲ್ಲಿ ಎಷ್ಟೋ ಜನ ಹೀಗೆ ಮಾಡುತ್ತಾರೆ. ಬಟ್ಟೆಯ ಹಿಂದೆ ಬರಿಗೈ ಇಟ್ಟು ಹಿಡಿಯಬೇಡಿ, ದಪ್ಪ ಕೈಗವಸು ಹಾಕಿಕೊಳ್ಳಿ. ಮಗಳು ಅತ್ತ ಇತ್ತ ಓಡಾಡುವಾಗ ಬೇಡ. ಸುಟ್ಟರೆ ಕೂಡಲೇ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ, ಐಸ್ ಇಡಬೇಡಿ. ಇಸ್ತ್ರಿ ಪೆಟ್ಟಿಗೆಯ ಅಪಾಯ ಬೇರೆ ಬಗೆಯದು. ಮರೆತು ಹೋದರೆ ಬೆಂಕಿ. ತಾನೇ ಆಫ್ ಆಗುವ ಮಾದರಿ ಇದ್ದರೆ ಮನಸ್ಸಿಗೆ ನೆಮ್ಮದಿ. ಎರಡನ್ನೂ ತೆಳು ವೈರಿನ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಬೇಡಿ, ವೈರು ಕಾಯುತ್ತದೆ.

ರೋಗಾಣುಗಳ ಮಾತು. ಆಸ್ಪತ್ರೆಗಳಲ್ಲಿ ಉಪಕರಣಗಳನ್ನು ಶುದ್ಧ ಮಾಡುವ ಆಟೋಕ್ಲೇವ್‌ನಲ್ಲಿ ಹಬೆಯನ್ನು ಒತ್ತಡದಲ್ಲಿಟ್ಟು, 121 ಡಿಗ್ರಿಯಲ್ಲಿ 15 ನಿಮಿಷದಷ್ಟು ಹೊತ್ತು ಹಿಡಿಯುತ್ತಾರೆ. ನಿಮ್ಮ ನಳಿಕೆ ಒಂದು ಜಾಗದ ಮೇಲೆ ಒಂದೆರಡು ಸೆಕೆಂಡ್ ಹಾದುಹೋಗುತ್ತದೆ, ಬಟ್ಟೆ ಕೂಡಲೇ ತಣಿಯುತ್ತದೆ. ಒಂದಷ್ಟು ಸಾಯಬಹುದು. ಎಲ್ಲ ಸಾಯುತ್ತವೆ ಎಂದು ನಂಬಿ ಒಗೆಯುವುದನ್ನು ಬಿಡಬೇಡಿ. ವಾಸನೆ ಕಡಿಮೆಯಾಗುವುದು ನಿಜ, ಆದರೆ ಬೆವರಿನ ಉಪ್ಪು, ಜಿಡ್ಡು ಅಲ್ಲೇ ಇರುತ್ತವೆ. ಇನ್ನೂ ಮುಖ್ಯ, ಕಲೆ ಇರುವ ಬಟ್ಟೆಗೆ ಹಬೆಯೂ ಬೇಡ, ಇಸ್ತ್ರಿಯೂ ಬೇಡ. ಮೊಟ್ಟೆ, ರಕ್ತದ ಕಲೆ ಬಿಸಿಗೆ ಗಟ್ಟಿಯಾಗಿ ಕೂತುಬಿಡುತ್ತದೆ. ಕಾಣದೆ ಒಣಗಿದ ಸಿಹಿ ಪಾನೀಯದ ಕಲೆ ಬಿಸಿ ತಾಗಿದ ಕೂಡಲೇ ಕಂದಾಗಿ ಮೇಲೆ ಬರುತ್ತದೆ.

ನೀರಿನ ಬಗ್ಗೆ ಒಂದು ಮಾತು, ಇದನ್ನು ಕೊಳ್ಳುವಾಗ ಯಾರೂ ಹೇಳುವುದಿಲ್ಲ. ಗಡಸು ನೀರು ಕಾದಾಗ ಅದರೊಳಗಿನ ಸುಣ್ಣದ ಅಂಶ ಕ್ಯಾಲ್ಸಿಯಂ ಕಾರ್ಬೋನೇಟ್ ಆಗಿ ಒಳಗೆ ಕೂರುತ್ತದೆ. ಮೊದಲು ಹಬೆ ಕಡಿಮೆಯಾಗುತ್ತದೆ, ಆಮೇಲೆ ಬಿಳಿ ಪುಡಿಯೋ ಕಂದು ನೀರೋ ಬಟ್ಟೆಯ ಮೇಲೆ ಉಗುಳುತ್ತದೆ. ಯಂತ್ರದ ಕೈಪಿಡಿ ಯಾವ ನೀರು ಹಾಕಲು ಹೇಳುತ್ತದೋ ಅದನ್ನೇ ಹಾಕಿ. ಕೆಲವಕ್ಕೆ ಲವಣ ತೆಗೆದ ನೀರು ಬೇಕು, ಕೆಲವಕ್ಕೆ ನಲ್ಲಿ ನೀರು ಬೆರೆಸಬೇಕು. ಸುಗಂಧ, ಗಂಜಿ ಏನನ್ನೂ ಒಳಗೆ ಸುರಿಯಬೇಡಿ. ಕೆಲಸ ಮುಗಿದ ಮೇಲೆ ನೀರು ಖಾಲಿ ಮಾಡಿ ಇಡಿ.

ಹಾಗಾದರೆ ನೀವೇನು ಮಾಡಬೇಕು? ಮೊದಲು ಮನೆಯಲ್ಲಿರುವ ಇಸ್ತ್ರಿ ಪೆಟ್ಟಿಗೆಯನ್ನು ತಿರುಗಿಸಿ ನೋಡಿ. ಕೆಳಗಿನ ತಟ್ಟೆಯಲ್ಲಿ ರಂಧ್ರಗಳಿದ್ದು, ಕೈಪಿಡಿಯಲ್ಲಿ ನೆಟ್ಟಗೆ ಹಿಡಿದು ಹಬೆ ಬಿಡಬಹುದು ಎಂದಿದ್ದರೆ ಅದೇ ನಿಮಗೆ ಅರ್ಧ ಸ್ಟೀಮರ್. ಹ್ಯಾಂಗರಿನಲ್ಲಿ ತೂಗುಹಾಕಿ, ತಟ್ಟೆ ಬಟ್ಟೆಗೆ ತಾಗದಂತೆ ಹಿಡಿದು ಹಬೆ ಬಿಟ್ಟರೆ ಜಾರ್ಜೆಟ್, ಉಣ್ಣೆಯ ಕೆಲಸ ಆಗುತ್ತದೆ. ಆದರೆ ಭಾರ ಎತ್ತಬೇಕು, ನಿಮ್ಮ ಮಣಿಕಟ್ಟಿಗೆ ದಿನಾ ಮಾಡುವಂಥದ್ದಲ್ಲ. ನಿಮ್ಮದು ಹಬೆ ಇಲ್ಲದ ಹಳೆಯ ಮಾದರಿ ಆಗಿದ್ದರೆ, ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ನೆಟ್ಟಗೂ ಹಬೆ ಬಿಡುವ ಒಳ್ಳೆಯ ಸ್ಟೀಮ್ ಇಸ್ತ್ರಿಯನ್ನೇ ಕೊಳ್ಳುತ್ತಿದ್ದೆ. ಆರು ತಿಂಗಳ ನಂತರವೂ ಹೆಂಡತಿಯ ಬಟ್ಟೆಗಳಿಗೆ ಸ್ಟೀಮರ್ ಬೇಕು ಅನಿಸಿದರೆ, ಮನೆಯಲ್ಲಿ ಜಾಗ ಇದ್ದರೆ, ನೆಲದ ಮೇಲೆ ನಿಲ್ಲುವುದನ್ನು ತನ್ನಿ. ಕೈಯಲ್ಲಿ ಹಿಡಿಯುವುದು ಪ್ರಯಾಣಕ್ಕೆ ಚೆನ್ನ, ನಾಲ್ಕು ಜನರ ಮನೆಯ ದಿನದ ಕೆಲಸಕ್ಕೆ ಸಾಲದು. ಅದರ ನೀರು ಕೆಲವೇ ನಿಮಿಷಕ್ಕೆ ಮುಗಿಯುತ್ತದೆ. ಪ್ರತ್ಯೇಕ ನೀರಿನ ತೊಟ್ಟಿಯಿಂದ ಒತ್ತಡದ ಹಬೆ ಬರುವ ದೊಡ್ಡ ಇಸ್ತ್ರಿಗಳೂ ಇವೆ. ಕೆಲಸ ಬಹಳ ಚೆನ್ನಾಗಿ ಮಾಡುತ್ತವೆ, ಆದರೆ ವಾರಕ್ಕೆ ಐದು ಶರ್ಟಿಗೆ ಅಷ್ಟು ಬೇಡ.

ಕೊಂಡ ಯಂತ್ರ ಯಾವುದೇ ಆಗಲಿ, ಹೆಂಡತಿಯ ಬಟ್ಟೆಗೆ ಮೊದಲ ಸಲ ಹಿಡಿಯುವಾಗ ಒಳಗಿನ ಹೊಲಿಗೆಯ ಅಂಚಿನಲ್ಲಿ ಎರಡು ಬೆರಳಗಲದ ಜಾಗ ಹುಡುಕಿ. ಕಡಿಮೆ ಬಿಸಿಯಲ್ಲಿ ಅಲ್ಲಿ ಮಾಡಿ, ಪೂರ್ತಿ ತಣಿಯಲು ಬಿಡಿ. ಬಣ್ಣ, ಹೊಳಪು, ಉದ್ದ ಮೂರೂ ಮೊದಲಿನಂತೆ ಇದ್ದರೆ ಉಳಿದ ಬಟ್ಟೆಗೆ ಹೋಗಿ.